ಬಳೆ ಹೋಗುವಷ್ಟು ಕಿಂಡಿ

ನಾನು ಹದಿನೈದು ವರ್ಷ ತಗಡು ಹೊಡೆದು ಉಂಡಾಕೆ. ವಿಕ್ರೋಳಿಯಲ್ಲಿ ಬಾಗಿಲಿನ ಬಿಜಾಗರಿ, ಟ್ರಂಕಿನ ಕೊಂಡಿ ಮಾಡುವ ಒಂದು ಕಾರ್ಖಾನೆ ಇತ್ತು. ಹೆಸರು ಬೇಡ, ಈಗ ಆ ಜಾಗದಲ್ಲಿ ಬಿಲ್ಡಿಂಗ್ ಎದ್ದಿವೆ. ಉದ್ದನೆಯ ಒಂದು ಶೆಡ್ಡು, ಸಾಲಾಗಿ ಇಪ್ಪತ್ತೈದು ಪ್ರೆಸ್ ಮಷೀನು, ಒಂದೊಂದರ ಮುಂದೆ ಒಬ್ಬೊಬ್ಬ ಹೆಂಗಸು. ಕೈಯಿಂದ ತಗಡಿನ ಪಟ್ಟಿಯನ್ನು ಅಚ್ಚಿನ ಕೆಳಗೆ ದೂಡಬೇಕು, ಕಾಲಿನಿಂದ ಪೆಡಲು ಒತ್ತಬೇಕು. ಮೇಲಿಂದ ಕಬ್ಬಿಣದ ಗುದ್ದು ಧಡ್ ಅಂತ ಬಿದ್ದರೆ ಒಂದು ನಗ, ಅಂದರೆ ಒಂದು ಬಿಡಿ ಮಾಲು, ಆಯಿತು. ಮತ್ತೆ ದೂಡು, ಮತ್ತೆ ಒತ್ತು. ಕಲಿಯಲು ಅರ್ಧ ದಿನ ಸಾಕು. ಸಾಲಿ ಓದಿರಬೇಕು ಅಂತಿಲ್ಲ. ನಾನು ಮೂರನೇ ಇಯತ್ತೆಗೆ ಬಿಟ್ಟಾಕೆ, ನನಗೆ ಹೊಂದಿತು.

ನಾನು ಸೇರಿದ ಹೊಸತರಲ್ಲಿ ಮಷೀನಿಗೆ ಯಾವ ಅಡ್ಡವೂ ಇರಲಿಲ್ಲ. ಕೈಗೂ ಕಬ್ಬಿಣಕ್ಕೂ ನಡುವೆ ಇದ್ದದ್ದು ನಮ್ಮ ಲಕ್ಷ್ಯ ಒಂದೇ. ನಮ್ಮ ವಿಜಾಪುರದ ಕಡೆಯಾಕೆ ಒಬ್ಬಳು ಒಂದು ಮುಂಜಾನೆ ಮೂರು ಬೆರಳು ಕಳಕೊಂಡಳು. ಅಚ್ಚಿಗೆ ಅಂಟಿದ ನಗ ಕೀಳಲು ಕೈ ಹಾಕಿದ್ದಳು, ಮಷೀನು ತಾನಾಗಿ ಇನ್ನೊಂದು ಸಲ ಬಿತ್ತು. ಹಳೇ ಮಷೀನುಗಳಿಗೆ ಆ ಚಟ ಇತ್ತು, ಒಂದು ಸಲ ಒತ್ತಿದರೆ ಎರಡು ಸಲ ಬೀಳುವ ಚಟ. ಆಕೆಯನ್ನು ದವಾಖಾನೆಗೆ ಒಯ್ದರು. ಮಷೀನು ಒರೆಸಿದರು. ಊಟದ ಗಂಟೆ ಆದ ಮೇಲೆ ಅದೇ ಸ್ಟೂಲಿನ ಮೇಲೆ ನನ್ನನ್ನು ಕೂಡಿಸಿದರು. ನಾನು ಕೂತೆ. ಒಲ್ಲೆ ಅಂದಿದ್ದರೆ ಗೇಟಿನ ಹೊರಗೆ ನಿಂತವರು ಬೇಕಾದಷ್ಟು ಮಂದಿ ಇದ್ದರು.

ಅದಾದ ಮೇಲೆ ಯೂನಿಯನ್ನಿನವರು ಗಂಟುಬಿದ್ದು ಮಷೀನಿಗೆ ಜಾಳಿ ಹಾಕಿಸಿದರು. ಕಬ್ಬಿಣದ ಸರಳಿನ ಪಂಜರ ಅದು, ಅಚ್ಚಿನ ಸುತ್ತ ಕೂಡುವುದು. ಮುಂದೆ ಪಟ್ಟಿ ಹೋಗಲು ಒಂದು ಸೀಳು, ಮಗ್ಗಲಲ್ಲಿ ಒಂದು ಕಿಂಡಿ. ನಗ ಅಂಟಿಕೊಂಡರೆ ಆ ಕಿಂಡಿಯೊಳಗೆ ಕಬ್ಬಿಣದ ಕೊಕ್ಕೆ ಹಾಕಿ ಎಳೆಯಬೇಕು, ಕೈ ಹಾಕಬಾರದು. ಆದರೆ ಆ ಕಿಂಡಿ ಒಂದೊಂದು ಕಾರ್ಖಾನೆಯಲ್ಲಿ ಒಂದೊಂದು ಅಳತೆ. ನಮ್ಮಲ್ಲಿ ಗಂಡಸರ ಕೈಯೂ ಸಲೀಸಾಗಿ ಹೋಗುವಷ್ಟಿತ್ತು. ಇದ್ದೂ ಇಲ್ಲದಂತೆ.

ಎಪ್ಪತ್ತರ ಆಸುಪಾಸಿನಲ್ಲಿ ಸರಕಾರ ಒಂದು ಕಮಿಟಿ ಮಾಡಿತು. ಇಂಥ ಮಷೀನಿಗೆ ದೇಶದಲ್ಲೆಲ್ಲ ಒಂದೇ ಥರದ ಜಾಳಿ ಇರಬೇಕು, ಅದರ ಅಳತೆ ಇಷ್ಟು ಅಂತ ಬರೆದಿಡುವ ಕಮಿಟಿ. ಸ್ಟ್ಯಾಂಡರ್ಡ್ ಅನ್ನುತ್ತಿದ್ದರು. ಮಷೀನು ಮಾಡುವ ಕಂಪನಿಯವರು, ಕಾರ್ಖಾನೆ ಮಾಲಕರ ಮಂದಿ, ಸರಕಾರದ ಇಂಜಿನಿಯರರು ಕೂಡುವ ಜಾಗ ಅದು. ನಮ್ಮ ಯೂನಿಯನ್ನಿಗೂ ಅಲ್ಲಿ ಒಂದು ಕುರ್ಚಿ ಸಿಕ್ಕಿತು. ಆ ಕುರ್ಚಿಯ ಮೇಲೆ ಕೂತಾತ ನಮ್ಮ ಕಾರ್ಖಾನೆಯ ಫಿಟ್ಟರ್, ಮರಾಠಿ ಮನುಷ್ಯ. ನಾವೆಲ್ಲ ಅವನಿಗೆ ಭಾವು ಅನ್ನುತ್ತಿದ್ದೆವು, ಅಣ್ಣ ಅಂದಂತೆ. ಅವನು ನಮ್ಮಿಂದ ಕಲಿತು ನನಗೆ ಅಕ್ಕಾ ಅನ್ನುತ್ತಿದ್ದ. ಅವನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ. ಮೀಟಿಂಗಿಗೆ ಹೋಗುವ ದಿನ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಮದುವೆ ಗಂಡಿನ ಹಾಗೆ ಬೆವರುತ್ತಿದ್ದ.

ಮೊದಲ ಮೀಟಿಂಗಿನಿಂದ ಉರಿದುಕೊಂಡು ಬಂದ. "ಅವರು ಕಿಂಡಿಗೆ ಗಂಡಸರ ಕೈಯಳತೆ ಇಟ್ಟಾರೆ. ಇಂಥ ಸಣ್ಣ ಮಷೀನ್ ಮುಂದೆ ಕೂಡೋರು ಹೆಂಗಸರು ಅಂದೆ. ಅಳತೆ ಇದ್ದರೆ ತಗೊಂಡು ಬನ್ನಿ ಅಂದರು."

ಅದಕ್ಕೆ ಒಂದು ದಿನ ಊಟದ ವೇಳೆಯಲ್ಲಿ ನಮ್ಮನ್ನೆಲ್ಲ ಕ್ಯಾಂಟೀನಿನ ಬಾಕಿನ ಮೇಲೆ ಕೂಡಿಸಿ, ರಟ್ಟು ಹಾಸಿ, ಪೆನ್ಸಿಲ್ ಹಿಡಿದು ಕುಂತ.

"ಕೈ ಹರವಿ ಇಡಿ. ಬೆರಳು ಬಿಡಿಸಿ."

ರತ್ನಾಗಿರಿಯಾಕೆ ಒಬ್ಬಳು ದೊಡ್ಡ ಬಾಯಿಯವಳು. "ಭಾವು, ಹಸ್ತರೇಖೆ ಯಾವಾಗಿಂದ ಕಲಿತಿ? ನನ್ನ ಗಂಡ ಕುಡಿಯೋದು ಯಾವಾಗ ಬಿಡ್ತಾನೆ, ಹೇಳು."

"ಅದು ರೇಖೆಯಾಗ ಇಲ್ಲ. ಯೂನಿಯನ್ನಿಗೆ ಅರ್ಜಿ ಕೊಡು, ಘೇರಾವ್ ಮಾಡೋಣ."

ಎಲ್ಲರೂ ನಕ್ಕೆವು. ಒಬ್ಬೊಬ್ಬರದೇ ಕೈ ಸುತ್ತ ಪೆನ್ಸಿಲ್ ಎಳೆದ. ನನ್ನ ನಾದಿನಿಯ ಸರದಿ ಬಂದಾಗ ಆಕೆಯ ಕೈ ನೋಡಿ ನಿಂತುಬಿಟ್ಟ. ಅಷ್ಟು ಸಣ್ಣ ಕೈ. ಆ ಕೈಯಳತೆಗಿಂತಲೂ ಒಂದು ನೂಲು ಕಡಿಮೆ ಇಟ್ಟು ಕಿಂಡಿ ಮಾಡಿಸಿದ. ಹೊಸ ಜಾಳಿಯನ್ನು ನಾದಿನಿಯ ಮಷೀನಿಗೇ ಹಾಕಿ, ಎಲ್ಲರನ್ನೂ ಕರೆದು ಕೈ ತೂರಿಸಿ ನೋಡಿರಿ ಅಂದ. ನಾವು ಅಂಗೈ ಹರವಿ ತೂರಿಸಿದೆವು. ಒಬ್ಬರದೂ ಹೋಗಲಿಲ್ಲ. ಭಾವು ಕುಣಿಯುವುದೊಂದು ಬಾಕಿ. ಸ್ವಂತ ಖರ್ಚಿನಿಂದ ಚಹಾ ತರಿಸಿದ. ಸರಿಯಾಗಿದೆ ಅಂತ ಒಂದು ಕಾಗದದ ಮೇಲೆ ಎಲ್ಲರಿಂದ ಸಹಿ ತಗೊಂಡ. ನಾನೂ ಅಕ್ಷರ ಕೂಡಿಸಿ ಕೂಡಿಸಿ ಸಹಿ ಹಾಕಿದೆ.

ಆ ಹೊತ್ತಿಗೆ ನಮ್ಮಲ್ಲಿ ಯಾರ ಮನಸ್ಸಿನಲ್ಲೂ ಕಳ್ಳತನ ಇರಲಿಲ್ಲ. ಅವನು ಹೇಳಿದ ಹಾಗೆ ಕೈ ಇಟ್ಟೆವು, ಅಷ್ಟೇ.

ನಾದಿನಿಯ ಸಂಗತಿ ಹೇಳಬೇಕು. ನನ್ನ ಗಂಡನ ತಂಗಿ ಆಕೆ, ನನಗೆ ವೈನಿ ಅನ್ನುವಳು, ಅತ್ತಿಗೆ ಅಂದಂತೆ. ಗಂಡ ಸೋಲಾಪುರದಲ್ಲಿ ಇನ್ನೊಬ್ಬಳನ್ನು ಇಟ್ಟುಕೊಂಡು ಈಕೆಯನ್ನು ಬಿಟ್ಟ. ಅಣ್ಣನ ಮನೆ ಅಂತ ನಮ್ಮಲ್ಲಿಗೆ ಬಂದಳು. ಗುಡ್ಡದ ಓರೆಯ ಚಾಳಿನಲ್ಲಿ ಒಂದು ಖೋಲಿ, ಅದರಲ್ಲಿ ನಾನು, ನನ್ನ ಗಂಡ, ಎರಡು ಮಕ್ಕಳು, ಈಕೆ. ನಾನೇ ಕಾರ್ಖಾನೆಗೆ ಹಚ್ಚಿಸಿದೆ. ನನ್ನ ಮಗ್ಗಲ ಮಷೀನೇ ಸಿಕ್ಕಿತು. ಆದರೆ ಟೆಂಪರರಿ. ಟೆಂಪರರಿ ಅಂದರೆ ಕೆಲವು ತಿಂಗಳು ದುಡಿಸಿ ಬ್ರೇಕ್ ಕೊಡುವರು, ಮತ್ತೆ ಬೇಕಾದರೆ ಕರೆಯುವರು. ಪರ್ಮನೆಂಟ್ ಆಗಬೇಕು ಅಂದರೆ ದಿನಕ್ಕೆ ಇಷ್ಟು ಅಂತ ಗೊತ್ತು ಮಾಡಿದ ಎಣಿಕೆ ಮೀರಿ ನಗ ಹೊಡೆದು ತೋರಿಸಬೇಕು. ಸೂಪರ್‌ವೈಸರ್ ಸಂಜೆ ಪಾಟಿಯ ಮೇಲೆ ಒಬ್ಬೊಬ್ಬರದು ಬರೆಯುತ್ತಿದ್ದ. ಈಕೆಯದು ಎಲ್ಲರಿಗಿಂತ ಮೇಲೆ ಇರುತ್ತಿತ್ತು. ಪರ್ಮನೆಂಟ್ ಆದರೆ ಬೇರೆ ಖೋಲಿ ಹಿಡಿಯುತ್ತೇನೆ ಅಂತ ಆಕೆಯ ಆಸೆ. ಅಣ್ಣನ ಮನೆಯಲ್ಲಿ ಅಡಿಗೆ ಡಬ್ಬಿ ಮುಟ್ಟುವಾಗಲೂ ನನ್ನ ಮುಖ ನೋಡಬೇಕಾಗಿತ್ತು. ನಾನೇನು ಅಷ್ಟು ಒಳ್ಳೆಯವಳಲ್ಲ, ಒಮ್ಮೊಮ್ಮೆ ಮುಖ ಗಂಟಿಕ್ಕುತ್ತಿದ್ದೆ.

ಭಾವು ಸಂತೋಷದಲ್ಲಿ ಉಳಿದ ಮಷೀನುಗಳಿಗೂ ಅದೇ ಜಾಳಿ ಹಾಕಿಸಿದ. ಅದಾದ ಮೂರನೇ ದಿನವೋ ನಾಲ್ಕನೇ ದಿನವೋ ಇರಬೇಕು. ನನ್ನ ಮಷೀನಿನಲ್ಲಿ ನಗ ಅಂಟಿತು. ಕೊಕ್ಕೆ ತಗೊಂಡು ತಿಣುಕುತ್ತಾ ಮಗ್ಗಲಿಗೆ ನೋಡಿದರೆ ನಾದಿನಿಯ ಮಷೀನು ನಿಂತೇ ಇಲ್ಲ, ಧಡ್ ಧಡ್ ನಡೆದೇ ಇದೆ. ಅದೇ ತಗಡು, ಅದೇ ಅಚ್ಚು. ಆಕೆಯದೂ ಅಂಟಲೇಬೇಕು. ಸ್ವಲ್ಪ ಹೊತ್ತು ಲಕ್ಷ್ಯ ಇಟ್ಟು ನೋಡಿದೆ. ಅಂಟಿತು. ಆಕೆ ಕೊಕ್ಕೆ ಮುಟ್ಟಲಿಲ್ಲ. ಹೆಬ್ಬೆರಳನ್ನು ಅಂಗೈಯೊಳಗೆ ಮಡಚಿ, ಉಳಿದ ಬೆರಳು ಅದರ ಮೇಲೆ ಜೋಡಿಸಿ, ಕೈಯನ್ನು ಸುರುಳಿ ಮಾಡಿ ಕಿಂಡಿಯೊಳಗೆ ಬಿಟ್ಟಳು. ಮಣಿಕಟ್ಟಿನ ತನಕ ಹೋಯಿತು. ನಗ ಕಿತ್ತು ಹೊರಗೆ ತೆಗೆದಳು. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ.

ಬಳೆ ಇಡಿಸಿಕೊಳ್ಳುವ ಕೈ ಅದು, ಬೇರೇನೂ ಅಲ್ಲ. ನಮ್ಮ ಕಡೆ ಹೆಣ್ಣಿಗೆ ತೊಟ್ಟಿಲಲ್ಲೇ ಬಳೆ. ಗಾಜಿನ ಬಳೆ ಸಡಿಲ ಇರಬಾರದು, ಮಣಿಕಟ್ಟಿಗೆ ಒಪ್ಪಿ ಕೂಡಬೇಕು. ಅಂದಮೇಲೆ ಸಣ್ಣ ಬಳೆಯೊಳಗಿಂದ ದೊಡ್ಡ ಕೈ ಪಾರಾಗಬೇಕು. ಬಳೆಗಾರ ಕೈ ಹಿಡಿದು, ಗೆಣ್ಣು ತಿಕ್ಕಿ, ಹೆಬ್ಬೆರಳು ಒಳಗೆ ಒತ್ತಿ, ಮಾತಾಡುತ್ತಾ ಮಾತಾಡುತ್ತಾ ಏರಿಸಿಬಿಡುತ್ತಾನೆ. ಹತ್ತಿಪ್ಪತ್ತು ವರ್ಷ ಹಾಗೆ ಮಡಚಿ ಮಡಚಿ ಹೆಂಗಸರ ಕೈಗೆ ಅದು ಅಭ್ಯಾಸ. ಹರವಿದರೆ ಒಂದು ಅಳತೆ, ಮಡಚಿದರೆ ಅದರ ಅರ್ಧ. ಭಾವು ರಟ್ಟಿನ ಮೇಲೆ ಬರೆದುಕೊಂಡದ್ದು ಹರವಿದ ಕೈ. ಗಂಡಸು, ಅವನಿಗೇನು ಗೊತ್ತು. ಗೊತ್ತಿದ್ದ ಇಪ್ಪತ್ತೈದು ಮಂದಿ ನಾವು, ನಮಗೂ ಹೊಳೆಯಲಿಲ್ಲ.

ಮಧ್ಯಾಹ್ನ ನಳದ ಹತ್ತಿರ ಡಬ್ಬಿ ತೊಳೆಯುವಾಗ ಕೇಳಿದೆ. "ಕೈ ಹಾಕ್ತಿಯೇನ ಒಳಗ?"

"ಹೂಂ. ಹೋಗ್ತೈತಿ." ನಕ್ಕಳು. "ನಿಂದೂ ಹೋಗ್ತೈತಿ ವೈನಿ, ಮಡಚಿ ನೋಡು."

"ಮಷೀನ್ ಎರಡ ಸಲ ಬಿದ್ರ?"

"ಬೀಳೂದ್ರಾಗ ತಗೀತೀನಿ. ಕೊಕ್ಕಿ ಹಿಡ್ಕೊಂಡ ಕುಂತ್ರ ಎಣಿಕಿ ಯಾರ ಮಾಡ್ತಾರ, ನಿಮ್ಮ ಭಾವು ಬಂದ ಮಾಡ್ತಾನೇನ?"

ಎರಡು ದಿನಕ್ಕೆ ಎಲ್ಲರಿಗೂ ತಿಳಿಯಿತು. ಎಲ್ಲರೂ ಕೈ ಮಡಚಿ ಒಳಗೆ ಬಿಡತೊಡಗಿದರು. ಸೂಪರ್‌ವೈಸರನಿಗೂ ಗೊತ್ತಿತ್ತು ಅಂತ ನನಗೆ ಅನಿಸುತ್ತದೆ. ಅವನಿಗೆ ಪಾಟಿಯ ಮೇಲಿನ ಅಂಕಿ ಬೇಕು, ಮುಖ ತಿರುಗಿಸಿಕೊಂಡು ಹೋಗುತ್ತಿದ್ದ. ಗೊತ್ತಿಲ್ಲದಾತ ಭಾವು ಒಬ್ಬನೇ. ಅವನು ಶೆಡ್ಡಿನೊಳಗೆ ಬಂದರೆ ಸಾಲಿನ ತುದಿಯಾಕೆ ಕೆಮ್ಮುವಳು, ನಾವೆಲ್ಲ ಕೊಕ್ಕೆ ಹಿಡಿದು ಕೂಡುವೆವು. ಹುಡುಗಾಟ ಆಯಿತು ಅದು. ನಾನೂ ಕೈ ಹಾಕಿದೆ, ಸುಳ್ಳು ಯಾಕೆ ಹೇಳಲಿ. ಆ ವಾರ ನನ್ನ ಎಣಿಕೆಯೂ ಏರಿತು.

ಆಮೇಲೆ ಒಂದು ಮುಂಜಾನೆ ನಾದಿನಿಯ ಮಷೀನು ತಾನಾಗಿ ಬಿತ್ತು. ಧಡ್ ಅಂದದ್ದು ಬೇರೆ ಥರ ಕೇಳಿಸಿತು. ತಿರುಗಿ ನೋಡಿದರೆ ಆಕೆ ಕೈ ಹೊರಗೆಳೆದು ಎದೆಗೆ ಒತ್ತಿಕೊಂಡು ಕೂತಿದ್ದಾಳೆ. ಮುಖ ಸುಣ್ಣ. ಕೈ ಬಿಡಿಸಿ ನೋಡಿದೆ, ಐದೂ ಬೆರಳು ಇದ್ದವು. ಎಳೆಯುವ ರಭಸಕ್ಕೆ ಕಿಂಡಿಯ ಅಂಚಿಗೆ ಬಡಿದು ಬಳೆ ಒಂದೂ ಉಳಿದಿರಲಿಲ್ಲ. ಮಣಿಕಟ್ಟಿನಲ್ಲಿ ಗಾಜು ಚುಚ್ಚಿ ರಕ್ತ. ಬಳೆ ಒಡೆದದ್ದಕ್ಕೆ ಆಕೆಗೆ ಅಳು ಬಂತು. ಗಂಡ ಎಂಥವನೇ ಇರಲಿ, ಬದುಕಿದ್ದಾನಲ್ಲ. ರತ್ನಾಗಿರಿಯಾಕೆ ಓಡಿ ಬಂದು ತನ್ನ ಕೈಯವು ಎರಡು ತೆಗೆದು ಆಕೆಗೆ ಏರಿಸಿದಳು. ಇನ್ನೊಬ್ಬಾಕೆ ನೆಲದ ಮೇಲಿನ ಚೂರು ಗುಡಿಸಿ ತಗಡಿನ ಚಿಂದಿಯಲ್ಲಿ ಹಾಕಿದಳು. ಎಲ್ಲ ಐದು ನಿಮಿಷದ ಕೆಲಸ. ನಾದಿನಿ ಮೂಗು ಒರೆಸಿಕೊಂಡು, ಮಣಿಕಟ್ಟಿಗೆ ಅರಿವೆ ಸುತ್ತಿಕೊಂಡು, ಮತ್ತೆ ಪಟ್ಟಿ ದೂಡಿದಳು. ಮುಂದಿನ ನಗ ಅಂಟಿದಾಗ ಮತ್ತೆ ಕೈಯನ್ನೇ ಹಾಕಿದಳು.

ಅದನ್ನು ನೋಡಿ ನನಗೆ ಹೆದರಿಕೆ ಆಯಿತು. ಬಳೆ ಒಡೆದಾಗ ಆಗಿರಲಿಲ್ಲ, ಎರಡನೇ ಸಲ ಕೈ ಹಾಕಿದಾಗ ಆಯಿತು.

ಅದೇ ವಾರ ಭಾವು ಬಂದು, "ಅಕ್ಕಾ, ಶುಕ್ರವಾರ ಮೀಟಿಂಗ್. ಮಷೀನ್ ನಡೆಸೋರು ಒಬ್ಬರನ್ನ ಕರಕೊಂಡು ಬಾ ಅಂದಾರೆ. ನೀನು ಬರಬೇಕು," ಅಂದ.

"ನಾನ್ಯಾಕೆ? ಇಂಗ್ಲಿಷ್ ಬರೋದಿಲ್ಲ."

"ನೀನು ಸಾಹೇಬರ ಮುಂದೂ ಹೆದರೋದಿಲ್ಲ, ನನ್ನ ಮುಂದೂ ಹೆದರೋದಿಲ್ಲ. ಜಾಳಿ ಚಲೋ ಐತಿ ಅಂತ ಎರಡು ಮಾತು ಹೇಳು. ಇಂಗ್ಲಿಷ್ ನಾನು ಮಾಡ್ತೀನಿ."

ಸುದ್ದಿ ಹಬ್ಬಿತು. ಹೆಂಗಸರು ಒಬ್ಬೊಬ್ಬರಾಗಿ ಬಂದು ಎಚ್ಚರಿಸಿದರು. ನೀನು ಹೇಳಿದರೆ ಕಿಂಡಿ ಸಣ್ಣದಾಗುತ್ತದೆ, ಎಣಿಕೆ ಮಾತ್ರ ಅಷ್ಟೇ ಇರುತ್ತದೆ, ನಾವೆಲ್ಲ ಸಾಯಬೇಕು ಅಂತ. ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಗುರುವಾರ ಖೋಲಿಯಲ್ಲಿ ಚಹಾ ಕುಡಿಯುತ್ತಾ ನಾದಿನಿ ಹೇಳಿದಳು:

"ವೈನಿ, ಇನ್ನ ಎರಡು ತಿಂಗಳು. ಎರಡು ತಿಂಗಳು ಹಿಂಗ ಎಣಿಕಿ ಹೋದ್ರ ಪರ್ಮನೆಂಟ್ ಮಾಡ್ತೀನಿ ಅಂದಾನ ಸೂಪರ್‌ವೈಸರ್. ಆಮ್ಯಾಲ ನೀ ಏನಾರ ಹೇಳ್ಕೊ. ಈಗ ಬಾಯಿ ಮುಚ್ಚಕೊಂಡಿರು."

"ಎರಡು ತಿಂಗಳದಾಗ ಕೈ ಹೋದ್ರ?"

"ಕೈ ನಂದು."

"ಕೈ ಹೋದಾಕಿ ಎಲ್ಲಿ ಕುಂದರತಾಳ? ಇದ ಖೋಲಿಯಾಗ. ಉಣಸಾಕಿ ಯಾರು? ನಾನು."

ಹಾಗೆ ಹೇಳಬಾರದಿತ್ತು. ಆಕೆ ಚಹದ ಬಟ್ಟಲು ಕೆಳಗಿಟ್ಟು ಹೊರಗೆ ಹೋದಳು.

ಶುಕ್ರವಾರ ಮಧ್ಯಾಹ್ನ ಭಾವು, ನಾನು ಲೋಕಲ್ ಹಿಡಿದು ಫೋರ್ಟಿನಲ್ಲಿದ್ದ ಕಮಿಟಿಯ ಆಫೀಸಿಗೆ ಹೋದೆವು. ಮೂರನೇ ಮಾಳಿಗೆಯಲ್ಲಿ ಉದ್ದನೆಯ ಮೇಜು, ಸುತ್ತ ಹತ್ತು ಹನ್ನೆರಡು ಗಂಡಸರು. ನಡುವೆ ಕಟ್ಟಿಗೆಯಲ್ಲಿ ಮಾಡಿದ ನಮ್ಮ ಕಿಂಡಿಯ ಮಾದರಿ. ನನಗೂ ಕುರ್ಚಿ ಕೊಟ್ಟರು, ಬಿಸ್ಕೀಟು ಕೊಟ್ಟರು. ನನ್ನ ಕಾಲು ನೆಲಕ್ಕೆ ಸರಿಯಾಗಿ ತಾಗುತ್ತಿರಲಿಲ್ಲ.

ಭಾವು ಎದ್ದು ನಿಂತು, ಕಾಗದ ನೋಡಿ ಓದಿದ. ನಮ್ಮ ಇಪ್ಪತ್ತೈದು ಕೈಗಳ ರಟ್ಟನ್ನು ಮೇಜಿನ ಮೇಲೆ ಹರವಿದ. ಮಷೀನು ಕಂಪನಿಯ ಒಬ್ಬ ದಪ್ಪ ಸಾಹೇಬ ಮೊದಲು ಏನೋ ತಕರಾರು ತೆಗೆದ, ಆಮೇಲೆ ತನ್ನ ಕೈ ತೂರಿಸಲು ನೋಡಿದ, ಗೆಣ್ಣಿಗೇ ಸಿಕ್ಕಿಕೊಂಡಿತು. ಎಲ್ಲರೂ ನಕ್ಕರು. ತಲೆಗೂದಲು ಪೂರ್ತಿ ಬೆಳ್ಳಗಾಗಿದ್ದ ಒಬ್ಬ ಸರಕಾರಿ ಇಂಜಿನಿಯರ್ ಅಧ್ಯಕ್ಷ ಇದ್ದ. ಅವನು ಭಾವುನ ಕಡೆ ನೋಡಿ ತಲೆ ಆಡಿಸಿದ. ಭಾವು ಗೆದ್ದಿದ್ದ. ಗಂಡಸರ ಅಳತೆ ತೆಗೆಸಿ ಹೆಂಗಸರ ಅಳತೆ ಹಾಕಿಸಿದ್ದ. ಅವನ ಮುಖ ನೋಡಿದರೆ ಯಾರಿಗಾದರೂ ಸಂತೋಷ ಆಗಬೇಕು.

ಅಧ್ಯಕ್ಷ ನನ್ನನ್ನು ಹಿಂದಿಯಲ್ಲಿ ಕೇಳಿದ. "ಬಾಯಿ, ಈ ಕಿಂಡಿ ಸರಿ ಇದೆಯೇ?"

ಹೂಂ ಅಂದರೆ ಮುಗಿಯುತ್ತಿತ್ತು. ನನಗೆ ಆಗ ವಿಜಾಪುರದಾಕೆಯ ನೆನಪಾಗಲಿಲ್ಲ, ಧರ್ಮ ಕರ್ಮ ಏನೂ ನೆನಪಾಗಲಿಲ್ಲ. ನಾದಿನಿ ಎರಡನೇ ಸಲ ಕೈ ಹಾಕಿದ್ದೇ ಕಣ್ಣ ಮುಂದೆ ಇತ್ತು. ಎದ್ದೆ. ಹೆಬ್ಬೆರಳು ಮಡಚಿದೆ. ಕೈ ಒಳಗೆ ಬಿಟ್ಟೆ. ಬಳೆ ಕಟ್ಟಿಗೆಗೆ ತಾಗಿ ಕಿಣಿ ಅಂದಾಗ ನಿಲ್ಲಿಸಿದೆ.

ಭಾವು ನನ್ನ ಕೈಯನ್ನೇ ನೋಡುತ್ತಾ ನಿಂತ.

ದಪ್ಪ ಸಾಹೇಬನಿಗೆ ಖುಷಿಯಾಯಿತು. "ಬೇಕೆಂದೇ ಹಾಕಿದಳು. ಹಾಗೆ ಯಾರು ಹಾಕುತ್ತಾರೆ?" ಅಂತ ಹಿಂದಿಯಲ್ಲೇ ಅಂದ.

"ನಾವೆಲ್ಲ ಹಾಕ್ತೀವಿ. ದಿನಾ. ನಗ ಅಂಟಿದರೆ ಕೊಕ್ಕೆಯಿಂದ ಎಳೆಯಲು ಹೊತ್ತು ಹಿಡಿಯುತ್ತದೆ. ಹೊತ್ತು ಹಿಡಿದರೆ ನಿಮ್ಮಂಥವರೇ ಬೈಯುತ್ತಾರೆ."

"ಅಂದರೆ ತಪ್ಪು ಕಾರ್ಮಿಕರದು."

"ತಪ್ಪು ನಂದೇ ಅನ್ನು ಸಾಹೇಬ. ಬೆರಳು ಹೋದ ಮೇಲೆ ಅದು ಯಾರ ತಪ್ಪು ಅಂತ ಬರೆದಿಟ್ಟು ಏನು ಮಾಡ್ತಿ?"

ಅಧ್ಯಕ್ಷ ಕೈ ಎತ್ತಿ ಅವನನ್ನು ಸುಮ್ಮನಿರಿಸಿದ. ನನಗೆ ಇನ್ನೊಮ್ಮೆ ಕೈ ಮಡಚಿ ತೋರಿಸು ಅಂದ. ತೋರಿಸಿದೆ. ಬಳೆ ಇಡುವ ಸಂಗತಿ ಹೇಳಿದೆ. ಅವನು ಹುಡುಗರ ಹಾಗೆ ತಾನೂ ಮಡಚಿ ನೋಡಿದ, ಅವನ ಹೆಬ್ಬೆರಳು ಬಗ್ಗಲಿಲ್ಲ. "ಮಡಚಿದ ಕೈಯ ಅಳತೆ ಹೇಗೆ ತೆಗೆಯುವುದು? ಒಬ್ಬೊಬ್ಬರದು ಒಂದೊಂದು ಥರ ಇರಬೇಕಲ್ಲ?" ಅಂದ.

"ಬಳೆಗಾರರಿಗೆ ಅಳತೆ ಇರುತ್ತದೆ. ಎರಡು-ಎರಡು, ಎರಡು-ನಾಲ್ಕು, ಎರಡು-ಆರು. ನನ್ನದು ಎರಡು-ಆರು. ನನ್ನ ನಾದಿನಿಯದು ಎರಡು-ಎರಡು. ಬಳೆ ಯಾವುದರಲ್ಲಿ ಹೋಗುತ್ತದೋ ಆ ಕೈ ಅದರಲ್ಲಿ ಹೋಗುತ್ತದೆ."

ಅವನು ಪೆನ್ನು ತೆರೆದು ಬರೆದುಕೊಂಡ. ಮುಂದಿನ ಸಲ ಎಲ್ಲ ಅಳತೆಯ ಬಳೆ ಒಂದೊಂದು ತಗೊಂಡು ಬನ್ನಿ ಅಂತ ಭಾವುಗೆ ಹೇಳಿದ. ಭಾವು ಹೂಂ ಅಂದ.

ವಾಪಸು ಬರುವಾಗ ಲೋಕಲ್‌ನಲ್ಲಿ ಜಾಗ ಸಿಕ್ಕಿತ್ತು. ಬೈಕುಲ್ಲಾ ದಾಟಿದ ಮೇಲೆ ಭಾವು ನನ್ನ ಕಡೆ ತಿರುಗಿದ.

"ಇಪ್ಪತ್ತೈದು ಮಂದಿ. ಒಬ್ಬಾಕೆನೂ ನನಗೆ ಹೇಳಲಿಲ್ಲ," ಅಂದ.

"ನೀ ಕೈ ಕೇಳಿದಿ, ಕೊಟ್ಟಿವಿ. ಎಣಿಕಿ ಹೆಂಗ ಮುಗಸ್ತೀರಿ ಅಂತ ಕೇಳಲಿಲ್ಲ."

"ಎಣಿಕೆ ಆ ಪುಸ್ತಕದಾಗ ಬರೆಯೋಕೆ ಬರೋದಿಲ್ಲ ಅಕ್ಕಾ. ಅಲ್ಲಿ ಅಳತೆ ಮಾತ್ರ. ಎಣಿಕೆ ನಾವು ಬೇರೆ ಜಗಳಾಡಬೇಕು."

"ಹಂಗಾರ ಜಗಳಾಡು. ಕಿಂಡಿ ಸಣ್ಣದಾಗಿ ಎಣಿಕಿ ಅಷ್ಟ ಉಳೀತಂದ್ರ ಆ ಹೆಂಗಸರು ನನ್ನ ಹರದ ತಿಂತಾರ."

ಅವನು ಜಗಳಾಡಿದ, ಸುಮ್ಮನೆ ಹೇಳಬಾರದು. ಒಂದು ಕಡೆ ಬಳೆಗಳನ್ನು ಊಟದ ಡಬ್ಬಿಯಲ್ಲಿ ಅರಿವೆ ಸುತ್ತಿ ಇಟ್ಟುಕೊಂಡು ಕಮಿಟಿಗೆ ಹೋದ. ಎಲ್ಲಕ್ಕಿಂತ ಸಣ್ಣ ಬಳೆಯೂ ಹೋಗದಷ್ಟು ಕಿಂಡಿ ಇರಬೇಕು ಅಂತ ಅಲ್ಲಿ ಒಪ್ಪಿದರು, ನಮ್ಮ ಮಷೀನುಗಳಿಗೆ ಆ ಕಿಂಡಿಯ ಹೊಸ ಜಾಳಿ ಬಂತು. ಇನ್ನೊಂದು ಕಡೆ ನಮ್ಮ ಮ್ಯಾನೇಜರನ ಬಾಗಿಲಿಗೆ ಕೂತ. ಹೊಸ ಜಾಳಿ ಹಾಕಿದ ಮಷೀನಿಗೆ ಎಣಿಕೆ ಇಳಿಸಬೇಕು ಅಂತ ನಾವೂ ಒಂದು ವಾರ ಕೊಕ್ಕೆಯಿಂದಲೇ, ಒಂದೊಂದೇ ನಗ, ಸಾವಕಾಶ ಎಳೆದೆವು. ಮ್ಯಾನೇಜರ್ ಮಣಿದ. ಆದರೆ ಬರವಣಿಗೆಯಲ್ಲಿ ಪರ್ಮನೆಂಟ್ ಅಂತ ಒಂದು ಮಾತು ಸೇರಿಸಿದ. ಇಳಿದ ಎಣಿಕೆ ಪರ್ಮನೆಂಟ್ ಇದ್ದವರಿಗೆ ಮಾತ್ರ. ಟೆಂಪರರಿಗಳಿಗೆ ಹಳೆಯದೇ.

ನಾದಿನಿ ಹಳೇ ಎಣಿಕೆಯನ್ನು ಹೊಸ ಕಿಂಡಿಯಲ್ಲಿ ಮುಟ್ಟಲು ನೋಡಿದಳು. ಬೆನ್ನು ಬಗ್ಗಿಸಿ, ನೀರಿಗೂ ಏಳದೆ ಹೊಡೆದಳು. ಆಗಲಿಲ್ಲ. ಎರಡು ತಿಂಗಳಾಗುತ್ತಲೇ ಬ್ರೇಕ್ ಕೊಟ್ಟರು. ಆಮೇಲೆ ಕರೆಯಲೇ ಇಲ್ಲ.

ಖೋಲಿಯಲ್ಲಿ ನಮ್ಮಿಬ್ಬರ ಮಾತು ನಿಂತಿತು. ಉಪ್ಪು ಬೇಕಾದರೆ ನನ್ನ ಮಗಳ ಕಡೆಯಿಂದ ಕೇಳಿಸುವಳು. ನನ್ನ ಗಂಡ ಇಬ್ಬರ ನಡುವೆ ಕೂತು ಉಣ್ಣುತ್ತಿದ್ದ, ಪಾಪ. ಒಂದು ದಿನ ಟ್ರಂಕು ಎತ್ತಿಕೊಂಡು ಬೈಕುಲ್ಲಾಕ್ಕೆ ಹೋದಳು. ಅಲ್ಲಿ ನಮ್ಮ ಕಡೆಯ ಒಬ್ಬ ಮುದುಕಿ ಮಾರ್ಕೆಟ್ಟಿನ ಹಮಾಲರಿಗೆ ಖಾನಾವಳಿ ನಡೆಸುತ್ತಿದ್ದಳು. ರೊಟ್ಟಿ ಬಡಿಯುವ ಕೆಲಸ, ಅಲ್ಲೇ ಊಟ, ಅಲ್ಲೇ ಮಾಡಿನ ಕೆಳಗೆ ಮಲಗುವುದು. ಕಾರ್ಖಾನೆಯಲ್ಲಿ ಹೆಂಗಸರು, "ನಾದಿನಿ ಹೊಟ್ಟಿ ಮ್ಯಾಲೆ ಹೊಡದಿ," ಅಂತ ನನ್ನ ಮುಖದ ಮೇಲೇ ಅಂದರು. ಹೌದು, ಹೊಡೆದೆ ಅಂದೆ. ಜಗಳ ಮಾಡುವುದಕ್ಕೆ ಏನಿತ್ತು ಅದರಲ್ಲಿ.

ಭಾವು ಬಿಡಲಿಲ್ಲ. ಆ ಒಂದು ಮಾತು ಓದಿದಾಗ ತನಗೆ ಹೊಳೆಯಲಿಲ್ಲ ಅಂತ ಅವನಿಗೆ ಒಳಗೇ ಕೊರೆಯುತ್ತಿತ್ತು. ಟೆಂಪರರಿಗಳ ಎಣಿಕೆ ಇಳಿಸಿ, ಬ್ರೇಕ್ ಕೊಟ್ಟವರನ್ನು ಕರೆಯುವುದಕ್ಕೆ ಒಂದು ವರ್ಷಕ್ಕಿಂತ ಹೆಚ್ಚು ಹಿಡಿಯಿತು. ಅಷ್ಟರಲ್ಲಿ ಕಮಿಟಿಯ ಪುಸ್ತಕವೂ ಅಚ್ಚಾಗಿ ಬಂತು. ತೆಳ್ಳಗಿತ್ತು, ಇಂಗ್ಲಿಷು. ಕಿಂಡಿಯ ಚಿತ್ರ ಇತ್ತು, ಅಂಕಿ ಇತ್ತು. ಬಳೆಯ ಮಾತು ಎಲ್ಲೂ ಇಲ್ಲ ಅಂತ ಭಾವು ಹೇಳಿದ. ಇರದಿದ್ದರೆ ಬಿಡು, ಅಂಕಿ ಸರಿ ಇದೆಯೋ ಇಲ್ಲವೋ ಅಂದೆ. ಇದೆ ಅಂದ.

ಕರೆಯುವವರ ಪಟ್ಟಿಯಲ್ಲಿ ನಾದಿನಿಯ ಹೆಸರಿತ್ತು. ಹೇಳಿ ಬರಲು ರವಿವಾರ ನಾನೇ ಬೈಕುಲ್ಲಾಕ್ಕೆ ಹೋದೆ. ಆಕೆ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ನನ್ನನ್ನು ನೋಡಿದಳು, ಕೈ ನಿಲ್ಲಿಸಲಿಲ್ಲ. ಎರಡು ಕೈಯ ನಡುವೆ ರೊಟ್ಟಿ ತಿರುಗಿ ತಿರುಗಿ ದೊಡ್ಡದಾಯಿತು. ಹಂಚಿಗೆ ಹಾಕಿದಳು. ಖಾನಾವಳಿಯ ಮುದುಕಿ ನನಗೆ ಗಂಗಾಳ ಕೊಟ್ಟಳು. ನಾದಿನಿ ಹೇಳದೆ ಕೇಳದೆ ಎರಡು ಬಿಸಿ ರೊಟ್ಟಿ, ಝುಣಕ ಹಾಕಿದಳು. ಉಂಡೆ. ಉಂಡಾದ ಮೇಲೆ ಹೇಳಿದೆ.

"ಕರದಾರ. ಸೋಮವಾರ ಕಾಗದ ಕೊಡ್ತಾರ. ಆರ ತಿಂಗಳು ಆದ ಮ್ಯಾಲ ಪರ್ಮನೆಂಟ್."

"ಎಣಿಕಿ?"

"ಇಳಿಸ್ಯಾರ. ನಿಮಗೂ."

"ಬರದಾರ, ಇಲ್ಲಾ ಬಾಯಿ ಮಾತೋ?"

"ಬರದಾರ. ಈ ಸಲ ಭಾವು ನಾಕು ಸಲ ಓದಸ್ಯಾನ."

ಇನ್ನೊಂದು ಹಿಟ್ಟಿನ ಉಂಡೆ ತಗೊಂಡಳು. ಬಡಿದಳು. ಹಂಚಿನ ಮೇಲೆ ಹಾಕಿ ನೀರು ಸವರಿದಳು. ನಾನು ತಪ್ಪಾಯಿತು ಅಂತ ಅನ್ನಬೇಕು ಅಂತ ಆಕೆ ಕಾಯುತ್ತಿದ್ದಳೋ ಏನೋ. ನನಗೆ ಹಾಗೆ ಅನಿಸಿರಲಿಲ್ಲ, ಅನ್ನಲಿಲ್ಲ. ಇನ್ನೊಮ್ಮೆ ಕೇಳಿದರೂ ಅದೇ ಮಾಡುತ್ತಿದ್ದೆ. ಖೋಲಿಯಲ್ಲಿ ಚಹಾ ಕುಡಿಯುವಾಗ ಅಂದ ಮಾತಿಗೆ ಮಾತ್ರ ನಾಚಿಕೆ ಇತ್ತು.

"ಉಣಸಾಕಿ ನಾನು ಅಂದಿದ್ದೆ ನೋಡು, ಅದೊಂದು ಅನಬಾರದಿತ್ತು," ಅಂದೆ.

ಆಕೆ ರೊಟ್ಟಿ ಮಗುಚಿದಳು. ರೊಟ್ಟಿ ಉಬ್ಬಿತು.

"ಸೋಮವಾರ ಬರ್ತೀನಿ ಅಂತ ಹೇಳು," ಅಂದಳು. "ಖೋಲಿ ನನ್ನದು ನಾ ನೋಡ್ಕೋತೀನಿ. ಮತ್ತ, ನಿನ್ನ ಮಗ್ಗಲ ಮಷೀನ್ ನನಗ ಬ್ಯಾಡ."

ಭಾವುಗೆ ಹೇಳಿ ಆಕೆಗೆ ಗೋಡೆಯ ಕಡೆಯ ಕೊನೇ ಮಷೀನು ಕೊಡಿಸಿದೆ.